ಹೊಟ್ಟೆಗೆ ಹಗುರವಾದದ್ದು

ಸ್ಕ್ಯಾನಿಂಗ್ ರೂಮಿನಲ್ಲಿ ಎಸಿ ಜೋರಾಗಿತ್ತು. ಹೊಟ್ಟೆ ಮೇಲೆ ತಣ್ಣನೆ ಜೆಲ್ ಬಿದ್ದ ಕೂಡಲೇ ಮೈ ಜುಮ್ಮೆಂದಿತು. ‘ಉಸಿರು ಎಳ್ಕೊಳ್ರಿ. ಹಂಗೇ ಹಿಡ್ಕೊಳ್ರಿ. ಹ್ಞಾಂ, ಬಿಡ್ರಿ’ ಎನ್ನುತ್ತ ಡಾಕ್ಟರಮ್ಮ ಬಲಗಡೆ ಪಕ್ಕೆಲುಬಿನ ಕೆಳಗೆ ಒತ್ತಿ ಹಿಡಿದರು. ನಾನು ಬಂದಿದ್ದು ಹೊಟ್ಟೆ ನೋವಿಗೆ. ನೋವು ಎಡಗಡೆ, ಹೊಕ್ಕಳದ ಕೆಳಗೆ. ಇವರು ನೋಡಿದರೆ ಬಲಗಡೆಯೇ ಸುತ್ತಾಡುತ್ತಿದ್ದಾರಲ್ಲ ಅಂತ ಒಳಗೊಳಗೇ ಕಸಿವಿಸಿ.

‘ಏನಾದ್ರೂ ಇದೆಯಾ ಮೇಡಂ?’

ಅವರು ಪರದೆಯನ್ನು ಸ್ವಲ್ಪ ನನ್ನ ಕಡೆ ತಿರುಗಿಸಿದರು. ‘ಇಲ್ನೋಡ್ರಿ, ಇದು ಕಿಡ್ನಿ. ಪಕ್ಕದಲ್ಲಿರೋದು ಲಿವರ್. ಎರಡೂ ಹೆಚ್ಚುಕಮ್ಮಿ ಒಂದೇ ಬಣ್ಣ ಇರಬೇಕು. ನಿಮ್ಮ ಲಿವರ್ ಎಷ್ಟು ಬೆಳ್ಳಗಿದೆ ನೋಡ್ರಿ.’

ಕಿಡ್ನಿ ಬೂದು ಬಣ್ಣದ ದೊಡ್ಡ ಅವರೆಕಾಳಿನ ಹಾಗೆ ಮಲಗಿತ್ತು. ಲಿವರ್ ಆಗಷ್ಟೇ ಸುಣ್ಣ ಹೊಡೆದ ಗೋಡೆಯ ಹಾಗಿತ್ತು.

‘ಕೊಬ್ಬು’ ಎಂದರು.

ನಗು ಬಂತು. ನಮ್ಮ ಭಾಷೆಯಲ್ಲಿ ಕೊಬ್ಬು ಅನ್ನುವುದು ಬೈಗುಳ. ನಮ್ಮ ಆಫೀಸಿನಲ್ಲಿ ಯಾರಿಗೆ ಕೊಬ್ಬು ಜಾಸ್ತಿ ಅಂತ ಕೇಳಿದರೆ ನಾಲ್ಕು ಹೆಸರು ಪಟಪಟ ಬರುತ್ತವೆ, ಅದರಲ್ಲಿ ನನ್ನದಿಲ್ಲ. ಮೈಯಲ್ಲಿ ಇರುವ ಕೊಬ್ಬಿನ ಲೆಕ್ಕಕ್ಕೂ ನನ್ನ ಹೆಸರು ಯಾರೂ ಹೇಳುವುದಿಲ್ಲ. 5 ಅಡಿ 6 ಇಂಚು ಎತ್ತರ, 68 ಕೆಜಿ ತೂಕ. ‘ಏನಪ್ಪಾ, ಮನೆಯಲ್ಲಿ ಊಟ ಹಾಕಲ್ವಾ?’ ಅಂತ ಕೇಳಿಸಿಕೊಂಡೇ ದೊಡ್ಡವನಾದವನು ನಾನು.

ರಿಪೋರ್ಟಿನಲ್ಲಿ ‘ಗ್ರೇಡ್ 2 ಫ್ಯಾಟಿ ಲಿವರ್’ ಅಂತ ಬರೆದು ಕೊಟ್ಟರು. ಹೊಟ್ಟೆ ನೋವಿಗೆ ಕಾರಣ ಕಾಣಲಿಲ್ಲ. ನನಗೋ ಕಾರಣ ಗೊತ್ತೇ ಇತ್ತು. ಅದರ ಜೊತೆ ಸಂಸಾರ ಮಾಡಿ ಆಗಲೇ ಹನ್ನೆರಡು ವರ್ಷವಾಗಿತ್ತು.

2012ರಲ್ಲಿ ಒಂದು ಮದುವೆ ಊಟ ಮಾಡಿ ಬಂದು ನಾಲ್ಕು ದಿನ ಭೇದಿ. ಜ್ವರ ಬಂತು, ಡ್ರಿಪ್ ಹಾಕಿಸಿಕೊಂಡೆ, ಗುಣವಾಯಿತು. ಹೊಟ್ಟೆ ಮಾತ್ರ ಆಮೇಲೆ ಮೊದಲಿನ ಹಾಗೆ ಆಗಲೇ ಇಲ್ಲ. ಹೀಗೆ ಒಂದು ಸೋಂಕು ಬಂದು ಹೋದ ಮೇಲೆ ಕರುಳು ಮುನಿಸಿಕೊಂಡು ಕೂರುವುದುಂಟು ಅಂತ ತುಂಬಾ ವರ್ಷದ ನಂತರ ಓದಿದೆ. ಐಬಿಎಸ್, ಅಂದರೆ ಇರಿಟಬಲ್ ಬವೆಲ್ ಸಿಂಡ್ರೋಮ್ ಎನ್ನುತ್ತಾರೆ. ಪರೀಕ್ಷೆ ಮಾಡಿದರೆ ಎಲ್ಲ ಸರಿ ಇರುತ್ತದೆ. ಸರಿ ಇಲ್ಲದಿರುವುದು ನಮಗಷ್ಟೇ ಗೊತ್ತಿರುತ್ತದೆ. ಬೆಳಿಗ್ಗೆ ಮೂರು ಸಲ, ಆಫೀಸಿಗೆ ಹೊರಡುವಾಗ ಬಾಗಿಲ ಹತ್ತಿರ ಚಪ್ಪಲಿ ಮೆಟ್ಟಿದ ಮೇಲೆ ಇನ್ನೊಂದು ಸಲ. ಮಧ್ಯಾಹ್ನದ ಊಟವಾದರೆ ಹೊಟ್ಟೆಯೊಳಗೆ ಯಾರೋ ಟ್ರಂಕು ಎಳೆದಾಡಿದ ಸದ್ದು.

ಈ ಕಾಯಿಲೆ ಇರುವವರಿಗೆ ಬೇರೆಯದೇ ಒಂದು ನಕ್ಷೆ ಇರುತ್ತದೆ. ದಾವಣಗೆರೆಯಿಂದ ಬೆಂಗಳೂರಿಗೆ ಹೋಗುವ ದಾರಿಯಲ್ಲಿ ಚಿತ್ರದುರ್ಗ, ಹಿರಿಯೂರು, ಶಿರಾ, ತುಮಕೂರು ಅಂತ ಊರುಗಳಿವೆ ಅಲ್ವಾ? ನನಗೆ ಅವು ಊರುಗಳಲ್ಲ, ಶೌಚಾಲಯಗಳು. ಎಲ್ಲಿ ನೀರು ಬರುತ್ತದೆ, ಎಲ್ಲಿ ಚಿಲಕ ಇಲ್ಲ, ಎಲ್ಲಿ ಚಿಲ್ಲರೆ ಕೇಳುತ್ತಾರೆ, ಎಲ್ಲವೂ ಬಾಯಿಪಾಠ. ಬಸ್ ಬಿಟ್ಟು ರೈಲಿಗೆ ಹೋಗತೊಡಗಿದ್ದು ಅದಕ್ಕೇ. ಸಂಜೆ ವಾಕಿಂಗ್ ನಿಂತದ್ದೂ ಅದಕ್ಕೇ. ಮನೆಯಿಂದ ಎರಡು ಕಿಲೋಮೀಟರ್ ದೂರದಲ್ಲಿ ಹೊಟ್ಟೆ ಕೈ ಕೊಟ್ಟರೆ ಏನು ಮಾಡುವುದು?

ಮನೆಯವರೆಲ್ಲ ಸೇರಿ ನನ್ನ ಊಟವನ್ನು ‘ಹಗುರ’ ಮಾಡಿದರು. ಇದರಲ್ಲಿ ಅವ್ವನದು ಮುಖ್ಯ ಪಾತ್ರ. ‘ರೊಟ್ಟಿ ಬ್ಯಾಡ ಮಗಾ, ಕಾಳು ಬ್ಯಾಡ, ಹೊಟ್ಟೆಗೆ ಹಗುರ ಆಗಂಥದ್ದು ತಿನ್ನು.’ ಸೊಪ್ಪು ಹೋಯಿತು. ಕಾಳುಪಲ್ಯ ಹೋಯಿತು. ಜೋಳದ ರೊಟ್ಟಿ, ರಾಗಿ ಮುದ್ದೆ, ಶೇಂಗಾ ಚಟ್ನಿ ಎಲ್ಲ ಹೋದವು. ಬೆಣ್ಣೆ ದೋಸೆ ಊರಲ್ಲಿದ್ದೂ ಬೆಣ್ಣೆ ದೋಸೆ ಹೋಯಿತು. ಉಳಿದದ್ದು ಮೆತ್ತಗೆ ಬೇಯಿಸಿದ ಬಿಳಿ ಅನ್ನ, ನೀರು ಮಜ್ಜಿಗೆ, ಸಬ್ಬಕ್ಕಿ ಗಂಜಿ, ಬ್ರೆಡ್, ರಸ್ಕು, ಟೀ ಜೊತೆ ಬಿಸ್ಕತ್ತು. ಸುಸ್ತಾದರೆ ಗ್ಲೂಕೋಸ್ ಪುಡಿ. ಸಂಜೆ ಹಸಿವಾದರೆ ಒಂದು ಬೋಗುಣಿ ತುಂಬ ಮಂಡಕ್ಕಿ. ದಾವಣಗೆರೆಯವನಿಗೆ ಮಂಡಕ್ಕಿಗಿಂತ ಹಗುರವಾದದ್ದು ಇನ್ನೇನಿದೆ? ಒಂದು ಚೀಲ ಮಂಡಕ್ಕಿಯನ್ನು ಭಟ್ಟಿಯಿಂದ ಚಿಕ್ಕ ಹುಡುಗರೂ ಹೆಗಲ ಮೇಲೆ ಹೊತ್ತು ತರುತ್ತಾರೆ.

‘ಒಪ್ಪೊತ್ತು ಉಂಡವ ಯೋಗಿ, ಎರಡು ಹೊತ್ತು ಉಂಡವ ಭೋಗಿ, ಮೂರು ಹೊತ್ತು ಉಂಡವ ರೋಗಿ’ ಅಂತ ಹಿರಿಯರ ಮಾತು. ನನಗೆ ಒಂದೇ ಸಲ ಜಾಸ್ತಿ ತಿಂದರೆ ಆಗುತ್ತಿರಲಿಲ್ಲವಲ್ಲ, ಹಾಗಾಗಿ ಆರು ಹೊತ್ತು, ಸ್ವಲ್ಪ ಸ್ವಲ್ಪ. ಟೀ ಐದು ಲೋಟ, ಲೋಟಕ್ಕೆ ಎರಡು ಚಮಚ ಸಕ್ಕರೆ. ಆರು ಹೊತ್ತು ಉಂಡವನಿಗೆ ಏನನ್ನಬೇಕು ಅಂತ ಹಿರಿಯರು ಯೋಚಿಸಿರಲಿಲ್ಲ.

ಸ್ಕ್ಯಾನಿಂಗ್ ಆದ ರಾತ್ರಿ ಬೀರುವಿನ ಮೇಲಿದ್ದ ಹಳೇ ರಿಪೋರ್ಟುಗಳನ್ನು ಇಳಿಸಿದೆ. ಸಹಕಾರಿ ಸಂಘದಲ್ಲಿ ಲೆಕ್ಕ ಬರೆಯುವವನು ನಾನು, ಒಂದು ಚೀಟಿಯನ್ನೂ ಎಸೆಯುವುದಿಲ್ಲ. ಮೂರು ಪ್ಲಾಸ್ಟಿಕ್ ಕವರು. ಒಂದರಲ್ಲಿ ಹೊಟ್ಟೆಯದ್ದು, ಒಂದರಲ್ಲಿ ಆಫೀಸಿನಿಂದ ವರ್ಷಕ್ಕೊಮ್ಮೆ ಮಾಡಿಸುವ ರಕ್ತದ್ದು, ಇನ್ನೊಂದರಲ್ಲಿ ಬಿಪಿಯದ್ದು. ಹೊಟ್ಟೆಯ ಕವರಿನಲ್ಲಿ 2016ರ ಒಂದು ಸ್ಕ್ಯಾನಿಂಗ್ ಇತ್ತು. ಕೊನೆಯ ಸಾಲಿಗಿಂತ ಒಂದು ಸಾಲು ಮೇಲೆ ‘ಗ್ರೇಡ್ 1 ಫ್ಯಾಟಿ ಲಿವರ್’. 2019ರದ್ದು ತೆಗೆದೆ. ಅದರಲ್ಲೂ ಅದೇ. ಆ ಎರಡು ಸಲವೂ ಡಾಕ್ಟರು ‘ಹೊಟ್ಟೇಲಿ ಏನೂ ಇಲ್ಲ, ಟೆನ್ಷನ್ ಮಾಡ್ಕೋಬೇಡಿ’ ಅಂದಿದ್ದರು. ನಾನು ಖುಷಿಯಾಗಿ ಮನೆಗೆ ಬಂದಿದ್ದೆ. ಅವರ ಮೇಲೆ ಸಿಟ್ಟು ಬರಬೇಕಿತ್ತು. ಆದರೆ ಕಾಗದ ಎಂಟು ವರ್ಷ ನನ್ನ ಬೀರುವಿನ ಮೇಲೇ ಇತ್ತು, ನಾನೂ ಓದಿರಲಿಲ್ಲ.

ರಕ್ತದ ಕವರು ತೆಗೆದರೆ ಅಲ್ಲಿ ಇನ್ನೊಂದು ಕತೆ. ರಕ್ತದಲ್ಲಿ ಓಡಾಡುವ ಕೊಬ್ಬು, ಟ್ರೈಗ್ಲಿಸರೈಡ್ 212, 150ರೊಳಗೆ ಇರಬೇಕಾದದ್ದು. ಒಳ್ಳೆ ಕೊಲೆಸ್ಟ್ರಾಲ್ ಅನ್ನುವ ಎಚ್‌ಡಿಎಲ್ 36, ಗಂಡಸರಿಗೆ 40 ದಾಟಬೇಕು. ಬರೀ ಹೊಟ್ಟೆ ಸಕ್ಕರೆ 108. ಮೂರು ತಿಂಗಳ ಸಕ್ಕರೆಯ ಲೆಕ್ಕ ಎಚ್‌ಬಿಎ1ಸಿ 6.0. ಶುಗರ್ ಬಂದಿಲ್ಲ, ಆದರೆ ಹೊಸ್ತಿಲ ಮೇಲೆ ಬಂದು ನಿಂತಿದೆ. ಬಿಪಿಯ ಕವರಿನಲ್ಲಿ 134/86. ಎಲ್ಲವೂ ‘ಸ್ವಲ್ಪ ಜಾಸ್ತಿ’. ಯಾವುದೂ ಹೆದರಿ ಓಡುವಷ್ಟಲ್ಲ. ಲೆಕ್ಕದ ಪುಸ್ತಕದಲ್ಲಿ ಇದನ್ನು ನಾನು ಎಷ್ಟು ಸಲ ಕಂಡಿಲ್ಲ! ಮೂರು ಖಾತೆಯಲ್ಲೂ ಸಣ್ಣ ಸಣ್ಣ ವ್ಯತ್ಯಾಸ, ಕೂಡಿಸಿ ನೋಡಿದಾಗ ತಿಜೋರಿಯೇ ಖಾಲಿ.

ಮರುದಿನ ನನ್ನಾಕೆ ಹೊಲಿಗೆ ಮೆಷಿನ್ನಿನ ಡ್ರಾಯರಿನಿಂದ ಟೇಪು ತಂದಳು. ‘ನನ್ನ ಪ್ಯಾಂಟು 34 ಕಣೆ’ ಅಂದೆ. ‘ಪ್ಯಾಂಟು ಹೊಟ್ಟೆ ಕೆಳಗೆ ಇರ್ತದೆ. ಹೊಟ್ಟೆ ಅಳತೆ ಹೊಟ್ಟೆ ಮೇಲೆ ತಗೋಬೇಕು’ ಅಂತ ಬ್ಲೌಸ್ ಅಳತೆ ತೆಗೆಯುವ ಗತ್ತಿನಲ್ಲೇ ಟೇಪು ಸುತ್ತಿದಳು. ಗೊತ್ತಿಲ್ಲದೆಯೇ ಹೊಟ್ಟೆ ಒಳಗೆಳೆದುಕೊಂಡಿದ್ದೆ. ‘ಉಸಿರು ಬಿಡ್ರೀ’ ಅಂದಳು. ಬಿಟ್ಟೆ. 37 ಇಂಚು. ಅಂದರೆ 94 ಸೆಂಟಿಮೀಟರ್. ನಮ್ಮ ಕಡೆಯ ಗಂಡಸರಿಗೆ 90, ಹೆಂಗಸರಿಗೆ 80 ಮಿತಿ.

ಕೈಕಾಲು ಕಡ್ಡಿ, ಹೊಟ್ಟೆ ಮಾತ್ರ ಗುಡಾಣ. ಇದು ನನ್ನೊಬ್ಬನ ವಿಶೇಷ ಅಲ್ಲವಂತೆ. ಪುಣೆಯ ಕೆಇಎಂ ಆಸ್ಪತ್ರೆಯ ಡಾ. ಚಿತ್ತರಂಜನ್ ಯಾಜ್ಞಿಕ್ ಮತ್ತು ಲಂಡನ್ನಿನ ಡಾ. ಜಾನ್ ಯುಡ್ಕಿನ್ ಇಬ್ಬರೂ 2004ರಲ್ಲಿ ‘ಲ್ಯಾನ್ಸೆಟ್’ ವೈದ್ಯಕೀಯ ಪತ್ರಿಕೆಗೆ ತಮ್ಮದೇ ಫೋಟೊ ಕೊಟ್ಟರು. ಎತ್ತರಕ್ಕೆ ತಕ್ಕ ತೂಕದ ಲೆಕ್ಕ, ಬಿಎಂಐ, ಇಬ್ಬರದೂ 22.3. ಮೈಯಲ್ಲಿರುವ ಕೊಬ್ಬು ಅಳೆದರೆ ಯುಡ್ಕಿನ್ ಅವರದು ಶೇ 9.1, ಯಾಜ್ಞಿಕ್ ಅವರದು ಶೇ 21.2. ಒಂದೇ ಬಿಎಂಐ, ಕೊಬ್ಬು ಎರಡು ಪಟ್ಟಿಗಿಂತ ಜಾಸ್ತಿ. ಈ ಫೋಟೊ ಬಗ್ಗೆ ಓದಿದಾಗ ನನಗೆ ಒಂಥರಾ ಸಮಾಧಾನ ಆಯಿತು. ಪುಣೆಯ ದೊಡ್ಡ ಡಾಕ್ಟರಿಗೇ ಹಾಗಿರುವಾಗ ನನ್ನಂಥ ಗುಮಾಸ್ತನದೇನು? ದೆಹಲಿಯ ಏಮ್ಸ್ ವೈದ್ಯರು 2022ರಲ್ಲಿ ದೇಶದ ಬೇರೆ ಬೇರೆ ಅಧ್ಯಯನಗಳನ್ನು ಕೂಡಿಸಿ ಲೆಕ್ಕ ಹಾಕಿದಾಗ ದೊಡ್ಡವರಲ್ಲಿ ಶೇ 38ರಷ್ಟು ಮಂದಿಗೆ ಫ್ಯಾಟಿ ಲಿವರ್ ಕಂಡಿತ್ತು. ನಮ್ಮ ಆಫೀಸಿನ ಹತ್ತು ಟೇಬಲ್ಲಿಗೆ ನಾಲ್ಕು.

ಆದರೆ ಊರಿಗೆ ಅದು ಗೊತ್ತಿಲ್ಲ. ನಮ್ಮಲ್ಲಿ ‘ಲಿವರ್’ ಅಂದ ಕೂಡಲೇ ಜನ ಬಾಟಲಿಯನ್ನೇ ನೆನೆಯುತ್ತಾರೆ. ಅಕ್ಕನ ಮನೆ ಗೃಹಪ್ರವೇಶದಲ್ಲಿ ಬಾಯಿ ತಪ್ಪಿ ವಿಷಯ ಹೇಳಿಬಿಟ್ಟೆ. ಸಂಬಂಧಿಕರೊಬ್ಬರು ನನ್ನನ್ನು ಪಕ್ಕಕ್ಕೆ ಕರೆದು, ಹೆಗಲ ಮೇಲೆ ಕೈ ಹಾಕಿ, ‘ಎಷ್ಟು ವರ್ಷದಿಂದ?’ ಅಂತ ಕೇಳಿದರು. ಏನು ಎಷ್ಟು ವರ್ಷದಿಂದ ಅಂತ ಅರ್ಥ ಆಗಲು ನನಗೆ ಅರ್ಧ ನಿಮಿಷ ಬೇಕಾಯಿತು. ಒಂದು ಹನಿ ಮುಟ್ಟಿದವನಲ್ಲ ನಾನು.

ಈ ಕಾಯಿಲೆಗೆ ಹೆಸರಿಟ್ಟವರೂ ಇದೇ ಗೋಜಲಿನಲ್ಲಿ ಬಿದ್ದಿದ್ದರು. 1980ರಲ್ಲಿ ಅಮೆರಿಕದ ಮೇಯೊ ಕ್ಲಿನಿಕ್‌ನ ಯೂರ್ಗೆನ್ ಲುಡ್ವಿಗ್ ಮತ್ತು ಜೊತೆಗಾರರು 20 ರೋಗಿಗಳ ಲಿವರ್ ತುಣುಕುಗಳನ್ನು ವಿವರಿಸಿದರು. ನೋಡಿದರೆ ಕುಡುಕರ ಲಿವರಿನದೇ ಹಾನಿ, ಆದರೆ ಇವರು ಕುಡುಕರಲ್ಲ. ಹಾಗಾಗಿ ‘ನಾನ್ ಆಲ್ಕೊಹಾಲಿಕ್’ ಅಂತ ಹೆಸರಿಟ್ಟರು. ಅದು ಏನಲ್ಲ ಅನ್ನುವುದೇ ಹೆಸರಾಯಿತು. ನಮ್ಮೂರಲ್ಲಿ ಯಾರನ್ನಾದರೂ ‘ಕಳ್ಳ ಅಲ್ಲದ ಶಿವಣ್ಣ’ ಅಂತ ಕರೆದರೆ ಜನ ಏನಂದುಕೊಂಡಾರು? 2023ರಲ್ಲಿ ಹೆಸರು ಬದಲಾಯಿತು. ಈಗ ಎಂಎಎಸ್‌ಎಲ್‌ಡಿ ಎನ್ನುತ್ತಾರೆ, ಅಂದರೆ ಮೈಯ ಚಯಾಪಚಯ ಏರುಪೇರಾದುದರ ಜೊತೆ ಬರುವ ಫ್ಯಾಟಿ ಲಿವರ್. ಲಿವರಿನಲ್ಲಿ ಕೊಬ್ಬು ಇರಬೇಕು, ಜೊತೆಗೆ ಹೊಟ್ಟೆ ಸುತ್ತಳತೆ ಅಥವಾ ತೂಕ, ಸಕ್ಕರೆ, ಬಿಪಿ, ಟ್ರೈಗ್ಲಿಸರೈಡ್, ಎಚ್‌ಡಿಎಲ್ ಈ ಐದರಲ್ಲಿ ಒಂದಾದರೂ ಹದ ತಪ್ಪಿರಬೇಕು. ನನ್ನದು ಐದಕ್ಕೆ ಐದೂ. ಎಸ್ಸೆಸ್ಸೆಲ್ಸಿಯಲ್ಲೂ ನಾನು ನೂರಕ್ಕೆ ನೂರು ತೆಗೆದಿರಲಿಲ್ಲ.

ಮೂರೂ ಕವರು ಹಿಡಿದುಕೊಂಡು ಹೊಟ್ಟೆ ಮತ್ತು ಲಿವರ್ ಎರಡನ್ನೂ ನೋಡುವ ಗ್ಯಾಸ್ಟ್ರೋ ಡಾಕ್ಟರ ಹತ್ತಿರ ಹೋದೆ. ಮೊದಲು ಅವರು ಹೊಟ್ಟೆಯ ಬಗ್ಗೆಯೇ ಕೇಳಿದರು. ರಾತ್ರಿ ನಿದ್ದೆಯಿಂದ ಎಬ್ಬಿಸುತ್ತಾ? ಮಲದಲ್ಲಿ ರಕ್ತ? ಸುಮ್ನೆ ತೂಕ ಇಳಿದಿದೆಯಾ? ಜ್ವರ? ರಕ್ತ ಕಡಿಮೆ ಇದೆಯಾ? ಮನೆಯಲ್ಲಿ ಯಾರಿಗಾದರೂ ಕರುಳಿನ ಕ್ಯಾನ್ಸರ್? ಇವುಗಳಲ್ಲಿ ಒಂದಕ್ಕೆ ಹೌದು ಅಂದರೂ ಅದನ್ನು ಐಬಿಎಸ್ ಅಂತ ತಳ್ಳಿಹಾಕುವ ಹಾಗಿಲ್ಲವಂತೆ. ಕರುಳಿಗೆ ನಿಜವಾದ ಉರಿಯೂತ ಇದ್ದರೆ ತಿಳಿಯಲಿ ಅಂತ ಮಲ ಪರೀಕ್ಷೆಯನ್ನೂ ಮಾಡಿಸಿದರು. ನನ್ನದು ಸರಿ ಇತ್ತು. ಆಮೇಲೆ ಕೇಳಿದರು, ‘ದಿನಾ ಏನ್ ತಿಂತೀರಿ?’

ಹೇಳಿದೆ. ಹೆಮ್ಮೆಯಿಂದಲೇ ಹೇಳಿದೆ. ಎಣ್ಣೆ ಇಲ್ಲ, ತುಪ್ಪ ಇಲ್ಲ, ಬೆಣ್ಣೆ ಇಲ್ಲ, ಮಾಂಸ ಇಲ್ಲ. ಅನ್ನ, ಮಜ್ಜಿಗೆ, ಬ್ರೆಡ್, ಮಂಡಕ್ಕಿ. ‘ಪೂರ್ತಿ ಹಗುರ ಸರ್.’

ಅವರು ನಗಲಿಲ್ಲ. ಚೀಟಿಯ ಹಿಂಭಾಗದಲ್ಲಿ ಒಂದು ಚಿತ್ರ ಬರೆದರು. ಕೆಳಗೆ ಸುರುಳಿ ಸುರುಳಿಯಾಗಿ ಕರುಳು, ಮೇಲೆ ಒಂದು ತ್ರಿಕೋನ, ಅದು ಲಿವರ್. ನಡುವೆ ಒಂದು ದಪ್ಪ ಗೆರೆ. ‘ಕರುಳಿನಿಂದ ಹೊರಟ ರಕ್ತ ನೇರವಾಗಿ ಹೃದಯಕ್ಕೆ ಹೋಗಲ್ಲ. ಮೊದಲು ಈ ದಾರೀಲಿ ಲಿವರಿಗೆ ಬರುತ್ತೆ. ನೀವು ತಿಂದಿದ್ದಕ್ಕೆಲ್ಲ ಇದೇ ಚೆಕ್‌ಪೋಸ್ಟು.’ ಆ ದಪ್ಪ ಗೆರೆಯ ಹೆಸರು ಪೋರ್ಟಲ್ ವೇನ್. ಲಿವರಿಗೆ ಬರುವ ರಕ್ತದ ಮುಕ್ಕಾಲು ಪಾಲು ಬರುವುದು ಈ ದಾರಿಯಲ್ಲೇ. ನಾನು ಹನ್ನೆರಡು ವರ್ಷ ಎರಡು ಬೇರೆ ಬೇರೆ ಊರು ಅಂದುಕೊಂಡಿದ್ದೆ. ನೋಡಿದರೆ ನಡುವೆ ಹೆದ್ದಾರಿಯೇ ಇದೆ.

ಆ ದಾರಿಯಲ್ಲಿ ಹೋಗುವುದು ಅನ್ನ ಒಡೆದು ಬಂದ ಸಕ್ಕರೆ ಮಾತ್ರ ಅಲ್ಲ. ಕರುಳಿನ ಒಳಗೋಡೆ ಅಂದರೆ ಒಂದೇ ಒಂದು ಸಾಲು ಜೀವಕೋಶ. ಅದರ ಈಚೆ ಕೋಟ್ಯಂತರ ಬ್ಯಾಕ್ಟೀರಿಯಾ, ಆಚೆ ರಕ್ತ. ಜೀವಕೋಶಗಳ ನಡುವಿನ ಸಂದು ಸಡಿಲವಾದರೆ ಬ್ಯಾಕ್ಟೀರಿಯಾದ ಚೂರುಪಾರುಗಳು ರಕ್ತಕ್ಕೆ ನುಸುಳುತ್ತವೆ. ಅವನ್ನು ಮೊದಲು ಎದುರಿಸಬೇಕಾದ್ದು ಲಿವರಿನಲ್ಲಿರುವ ಕಾವಲು ಕೋಶಗಳು. ದಿನಾ ಇದೇ ಆದರೆ ಅಲ್ಲಿ ಸಣ್ಣಗೆ ಉರಿ ಹೊತ್ತಿಕೊಂಡೇ ಇರುತ್ತದೆ. ಕೊಬ್ಬು ತುಂಬಿದ ಲಿವರಿಗೆ ಈ ಉರಿಯೂ ಸೇರಿದರೆ ಗಾಯ, ಗಾಯ ಮಾಗಿ ಕಲೆ, ಕಲೆ ಗಟ್ಟಿಯಾಗಿ ಸಿರೋಸಿಸ್. ಎಲ್ಲರಿಗೂ ಅಲ್ಲ, ಕೆಲವರಿಗೆ. ಹತ್ತಾರು ವರ್ಷ ಹಿಡಿಯುತ್ತದೆ.

ಸಂಚಾರ ಒಂದೇ ದಿಕ್ಕಿನದಲ್ಲ. ಲಿವರ್ ದಿನಾ ಮುಕ್ಕಾಲು ಲೀಟರಿನಷ್ಟು ಪಿತ್ತ ತಯಾರಿಸಿ ಕರುಳಿಗೆ ಕಳಿಸುತ್ತದೆ. ಕರುಳಿನ ಬ್ಯಾಕ್ಟೀರಿಯಾ ಅದರ ರೂಪ ಬದಲಿಸುತ್ತವೆ. ಬಹುಪಾಲು ಪಿತ್ತ ಮತ್ತೆ ಹೀರಿಕೊಂಡು ಲಿವರಿಗೇ ವಾಪಸ್ ಬರುತ್ತದೆ. ಹೀರಿಕೊಳ್ಳದೆ ಜಾಸ್ತಿ ಪಿತ್ತ ದೊಡ್ಡ ಕರುಳಿಗೆ ಇಳಿದರೆ ಭೇದಿ. ಭೇದಿ ಬಗೆಯ ಐಬಿಎಸ್ ಅಂತ ಓಡಾಡುವವರಲ್ಲಿ ಹೆಚ್ಚುಕಮ್ಮಿ ಕಾಲು ಭಾಗದವರಿಗೆ ಇದೇ ಇರುತ್ತದಂತೆ. ‘ಪಿತ್ತ ಕೆರಳಿದೆ’ ಅಂತ ಅಜ್ಜಿ ಹೇಳುತ್ತಿದ್ದಳು. ಅವಳು ಹೇಳುತ್ತಿದ್ದ ಪಿತ್ತ ಬೇರೆ, ಈ ಪಿತ್ತ ಬೇರೆ. ಆದರೂ ನೆನಪಾಯಿತು.

ಇಷ್ಟಕ್ಕೆ ಐಬಿಎಸ್‌ನಿಂದ ಫ್ಯಾಟಿ ಲಿವರ್ ಬಂತು ಅಂತ ಯಾರೂ ಅಂದುಕೊಳ್ಳಬೇಡಿ. ಹಾಗೆ ಡಾಕ್ಟರೂ ಹೇಳಲಿಲ್ಲ. ಎರಡೂ ಒಬ್ಬರಲ್ಲೇ ಇರುವುದು ಹಲವು ಅಧ್ಯಯನಗಳಲ್ಲಿ ಕಂಡಿದೆ. ಒಂದರಿಂದಲೇ ಇನ್ನೊಂದು ಬರುತ್ತದೆ ಅಂತ ಸಾಬೀತಾಗಿಲ್ಲ. ನನ್ನ ವಿಷಯದಲ್ಲಿ ಆದದ್ದು ಅದಕ್ಕಿಂತ ಸೀದಾ. ಹೊಟ್ಟೆಯನ್ನು ಸಮಾಧಾನ ಮಾಡಲು ಏನೇನು ತಿಂದೆನೋ ಅದೇ ಲಿವರಿನ ಮೇಲೆ ಕೂತಿತು. ಹೊಟ್ಟೆಗೆ ಹೆದರಿ ನಡೆಯುವುದನ್ನು ಬಿಟ್ಟೆ, ಅದೂ ಕೂತಿತು. ಹೊಟ್ಟೆ ಗಲಾಟೆ ಮಾಡುವ ಮಗು, ಲಿವರ್ ಮೂಲೆಯಲ್ಲಿ ಕೂತ ಮಗು. ಚಾಕಲೇಟೆಲ್ಲ ಗಲಾಟೆಯವನಿಗೇ ಕೊಟ್ಟುಕೊಂಡು ಬಂದೆ.

‘ಆದ್ರೆ ಸರ್, ನಾನು ಎಣ್ಣೆಯನ್ನೇ ತಿನ್ನಲ್ಲ. ಕೊಬ್ಬು ಎಲ್ಲಿಂದ ಬಂತು?’ ಅಂತ ಕೇಳಿದೆ. ನನಗೆ ನಿಜವಾಗಿಯೂ ಅರ್ಥವಾಗಿರಲಿಲ್ಲ. ಇದರ ಮೇಲೆ 2005ರಲ್ಲಿ ಅಮೆರಿಕದಲ್ಲಿ ಒಂದು ಅಧ್ಯಯನ ನಡೆದಿತ್ತು. ಒಂಬತ್ತೇ ರೋಗಿಗಳು, ಆದರೆ ಲೆಕ್ಕ ನಾಜೂಕಿನದು. ಲಿವರಿನಲ್ಲಿದ್ದ ಕೊಬ್ಬಿನಲ್ಲಿ ಊಟದ ಎಣ್ಣೆ ತುಪ್ಪದಿಂದ ಬಂದದ್ದು ಶೇ 15. ಲಿವರ್ ತಾನೇ ಸಕ್ಕರೆ, ಪಿಷ್ಟದಿಂದ ಹೊಸದಾಗಿ ತಯಾರಿಸಿದ್ದು ಶೇ 26. ಶೇ 59ರಷ್ಟು ಬಂದಿದ್ದು ಮೈಕೊಬ್ಬು ಕರಗಿ ರಕ್ತಕ್ಕೆ ಇಳಿದದ್ದರಿಂದ. ಇನ್ಸುಲಿನ್ ಮಾತು ನಡೆಯುತ್ತಿದ್ದರೆ ಮೈಕೊಬ್ಬು ತನ್ನ ಜಾಗದಲ್ಲೇ ಇರುತ್ತದೆ. ಮಾತು ಕೇಳುವುದು ನಿಂತರೆ ಉಗ್ರಾಣದ ಬಾಗಿಲು ತೆರೆದ ಹಾಗೆ, ಸರಕೆಲ್ಲ ಲಿವರಿಗೆ ಬಂದು ಬೀಳುತ್ತದೆ. ಬೆಣ್ಣೆ ದೋಸೆಯನ್ನು ಹನ್ನೆರಡು ವರ್ಷ ತ್ಯಾಗ ಮಾಡಿದವನಿಗೆ ಆ ಶೇ 15 ಓದಿ ಹೊಟ್ಟೆ ಉರಿಯಿತು. ಈ ಉರಿಗೆ ಗ್ಯಾಸಿನ ಮಾತ್ರೆ ಇಲ್ಲ.

ಗ್ಯಾಸಿನ ಮಾತ್ರೆ ಅಂದ ಕೂಡಲೇ ನೆನಪಾಯಿತು. ವರ್ಷಗಟ್ಟಲೆ ಬರೀ ಹೊಟ್ಟೆಗೆ ಪ್ಯಾಂಟೊಪ್ರಜೋಲ್ ನುಂಗುತ್ತಿದ್ದೆ. ಯಾರು ಶುರು ಮಾಡಿದ್ದು ಅಂತ ಕೇಳಿದರೆ ನೆನಪಿಲ್ಲ. ಹೊಟ್ಟೆಯ ಆಮ್ಲ ಬಹಳ ದಿನ ತಗ್ಗಿದರೆ ಸಣ್ಣ ಕರುಳಿನಲ್ಲಿ ಬ್ಯಾಕ್ಟೀರಿಯಾ ಬೆಳೆದುಕೊಳ್ಳುವ ಸಂಭವ ಜಾಸ್ತಿ. ನನಗೆ ಅದರ ಅಗತ್ಯವಿಲ್ಲ ಅಂತ ಡಾಕ್ಟರು ನಿಧಾನವಾಗಿ ಬಿಡಿಸಿದರು. ನೀವೇ ನಾಳೆ ಬಿಡಬೇಡಿ, ಬೇಕಾದವರೂ ಇರುತ್ತಾರೆ.

ಬ್ಯಾಕ್ಟೀರಿಯಾದ ಬಗ್ಗೆ ಓದುತ್ತ ಹೋದಾಗ ಸಿಕ್ಕ ಒಂದು ಕತೆಯನ್ನು ಆ ಹೆಗಲ ಮೇಲೆ ಕೈ ಹಾಕಿದ ಸಂಬಂಧಿಕರಿಗೆ ಹೇಳಲೇಬೇಕು. ಚೀನಾದಲ್ಲಿ ಒಬ್ಬ ರೋಗಿ. ಕುಡಿಯುವುದಿಲ್ಲ. ಆದರೆ ಅನ್ನದಂಥ ಪಿಷ್ಟದ ಊಟ ಮಾಡಿದರೆ ಅಮಲೇರುತ್ತಿತ್ತು. ಲಿವರಿನಲ್ಲಿ ಕೊಬ್ಬು, ಉರಿಯೂತ. ಸಂಶೋಧಕರು ಹುಡುಕಿದಾಗ ಅವನ ಕರುಳಿನಲ್ಲಿದ್ದ ಕ್ಲೆಬ್ಸಿಯೆಲ್ಲಾ ಎಂಬ ಬ್ಯಾಕ್ಟೀರಿಯಾದ ಒಂದು ತಳಿ ಪಿಷ್ಟವನ್ನು ಹುಳಿಸಿ ಮದ್ಯ ಮಾಡುತ್ತಿತ್ತು. ಹೊಟ್ಟೆಯೊಳಗೇ ಭಟ್ಟಿ! ಅವರು 2019ರಲ್ಲಿ ಪ್ರಕಟಿಸಿದ ಪ್ರಕಾರ, ತಾವು ನೋಡಿದ ಕುಡಿಯದ ಫ್ಯಾಟಿ ಲಿವರ್ ರೋಗಿಗಳಲ್ಲಿ ಸುಮಾರು ಶೇ 60 ಮಂದಿಯ ಕರುಳಿನಲ್ಲಿ ಇಂಥ ಮದ್ಯ ತಯಾರಿಸುವ ತಳಿಗಳಿದ್ದವು. ಆ ರೋಗಿಯ ಹಾಗೆ ಅಮಲೇರುವುದು ತೀರಾ ಅಪರೂಪ. ನನಗೆ ಮಂಡಕ್ಕಿ ತಿಂದು ಎಂದೂ ಅಮಲೇರಿಲ್ಲ. ನಿದ್ದೆ ಬಂದಿದೆ ಅಷ್ಟೆ.

ಲಿವರ್ ಎಷ್ಟು ಗಟ್ಟಿಯಾಗಿದೆ ಅಂತ ನೋಡಲು ಫೈಬ್ರೋಸ್ಕ್ಯಾನ್ ಇದೆ. ಅದಕ್ಕೂ ಮೊದಲು ಒಂದು ಪುಕ್ಕಟೆ ಲೆಕ್ಕ ಇದೆ, ಫಿಬ್-4. ರಕ್ತ ಪರೀಕ್ಷೆಯಲ್ಲಿ ಬರುವ ಎಎಸ್‌ಟಿ, ಎಎಲ್‌ಟಿ ಎರಡೂ ಲಿವರಿನ ಎಂಜೈಮುಗಳು. ವಯಸ್ಸನ್ನು ಎಎಸ್‌ಟಿಯಿಂದ ಗುಣಿಸಬೇಕು. ಅದನ್ನು ಪ್ಲೇಟ್‌ಲೆಟ್ ಮತ್ತು ಎಎಲ್‌ಟಿಯ ವರ್ಗಮೂಲ ಎರಡರ ಗುಣಲಬ್ಧದಿಂದ ಭಾಗಿಸಬೇಕು. ಲೆಕ್ಕದವನಿಗೆ ಇಂಥದ್ದು ಸಿಕ್ಕರೆ ಬಿಡುತ್ತಾನಾ? ಮಧ್ಯಾಹ್ನದ ಬಿಡುವಿನಲ್ಲಿ ಆಫೀಸಿನ ಕ್ಯಾಲ್ಕುಲೇಟರ್ ಎಳೆದುಕೊಂಡೆ. ವಯಸ್ಸು 47, ಎಎಸ್‌ಟಿ 38, ಎಎಲ್‌ಟಿ 52, ಪ್ಲೇಟ್‌ಲೆಟ್ 2.4 ಲಕ್ಷ. ಉತ್ತರ 103 ಬಂತು. 1.3ಕ್ಕಿಂತ ಕಡಿಮೆ ಇದ್ದರೆ ಸದ್ಯಕ್ಕೆ ಭಯವಿಲ್ಲ, 2.67 ದಾಟಿದರೆ ಕಲೆ ಬಲಿತಿರುವ ಸಂಭವ ಜಾಸ್ತಿ ಅಂತ ಓದಿದ್ದೆ. ನನ್ನದು 103! ಕೈಕಾಲು ತಣ್ಣಗಾದವು. ಟೀ ತಂದ ಹುಡುಗ ‘ಯಾಕ್ ಸಾರ್, ಹೊಟ್ಟೆನಾ?’ ಅಂತ ಕೇಳಿದ. ಆಫೀಸಿನಲ್ಲಿ ಎಲ್ಲರಿಗೂ ಗೊತ್ತು. ಮತ್ತೆ ನೋಡಿದರೆ ಪ್ಲೇಟ್‌ಲೆಟ್ಟನ್ನು ಲಕ್ಷದಲ್ಲಿ ಅಲ್ಲ, ಸಾವಿರದಲ್ಲಿ ಹಾಕಬೇಕು. 2.4 ಅಲ್ಲ, 240. ಉತ್ತರ 1.03. ಇಪ್ಪತ್ತಮೂರು ವರ್ಷದ ಸರ್ವೀಸಿನಲ್ಲಿ ದಶಾಂಶದ ಚುಕ್ಕೆ ನನಗೆ ಇಷ್ಟು ಹೆದರಿಸಿರಲಿಲ್ಲ.

ಔಷಧಿ ಬರೆಯುತ್ತಾರೆ ಅಂದುಕೊಂಡಿದ್ದೆ. ಬರೆಯಲಿಲ್ಲ. ಅಮೆರಿಕದಲ್ಲಿ 2024ರ ಮಾರ್ಚಿನಲ್ಲಿ ರೆಸ್ಮೆಟಿರಾಮ್ ಅನ್ನುವ ಮಾತ್ರೆಗೆ ಮೊದಲ ಸಲ ಒಪ್ಪಿಗೆ ಸಿಕ್ಕಿದೆ, ಆದರೆ ಅದು ಲಿವರಿನಲ್ಲಿ ಕಲೆ ಸಾಕಷ್ಟು ಬಲಿತವರಿಗೆ. ನನ್ನಂಥವರಿಗೆ ಹಳೇ ಮದ್ದೇ, ತೂಕ ಇಳಿಸುವುದು. ಕ್ಯೂಬಾದ ಹವಾನಾದಲ್ಲಿ 293 ಜನರನ್ನು ಒಂದು ವರ್ಷ ಹಿಂಬಾಲಿಸಿ, ಮೊದಲೂ ಕೊನೆಗೂ ಲಿವರಿನ ತುಣುಕು ತೆಗೆದು ನೋಡಿದ್ದರು. ನೂರಕ್ಕೆ ಹತ್ತು ಅಥವಾ ಅದಕ್ಕಿಂತ ಜಾಸ್ತಿ ತೂಕ ಇಳಿಸಿದವರಲ್ಲಿ ಶೇ 90 ಮಂದಿಗೆ ಉರಿಯೂತ ಹೋಗಿತ್ತು. ನನ್ನ ಹಾಗೆ ತೆಳ್ಳಗಿರುವವರಿಗೆ ಶೇ 3ರಿಂದ 5 ಇಳಿದರೂ ಲಾಭ. ಆಫೀಸಿನ ವಾಟ್ಸ್ಆ್ಯಪ್ ಗ್ರೂಪಿನಲ್ಲಿ ಮಾತ್ರ ದಿನಾ ಲಿವರ್ ತೊಳೆಯುವ ಕಷಾಯ ಬರುತ್ತಿತ್ತು. ಕಾಮಾಲೆಗೆ ನೆಲನೆಲ್ಲಿ ಕೊಡುವುದನ್ನು ನೋಡಿಯೇ ಬೆಳೆದವನು ನಾನು. ಆದರೂ ಈ ಪುಡಿ, ಕಷಾಯಗಳ ಗೋಜಿಗೆ ಹೋಗಲಿಲ್ಲ. ಏನೇ ನುಂಗಿದರೂ ಅದನ್ನು ಅರಗಿಸಬೇಕಾದ್ದು ಅದೇ ಲಿವರ್ ಅಲ್ವಾ?

ಕಷ್ಟ ಇದ್ದದ್ದು ಇಲ್ಲಿ. ಲಿವರಿಗೆ ಬೇಕಾದದ್ದು ನಾರು, ಕಾಳು, ಸೊಪ್ಪು, ಓಡಾಟ. ಹೊಟ್ಟೆಗೆ ಆಗದೇ ಇದ್ದದ್ದೂ ಅವೇ. ಡಯಟೀಷಿಯನ್ ಹುಡುಗಿ, ನನ್ನ ಮಗಳ ವಯಸ್ಸಿನವಳು, ‘ಅಂಕಲ್, ಎಲ್ಲಾ ಕಾಳಿನ ಮೇಲೂ ಯಾಕೆ ಕೇಸ್ ಹಾಕಿದ್ದೀರಿ? ಕಳ್ಳ ಯಾರು ಅಂತ ಮೊದಲು ಹಿಡಿಯೋಣ’ ಅಂದಳು. ಮೆಲ್ಬರ್ನಿನ ಮೊನಾಶ್ ವಿಶ್ವವಿದ್ಯಾಲಯದವರು ರೂಪಿಸಿದ ಫಾಡ್‌ಮ್ಯಾಪ್ ಪದ್ಧತಿ ಅದು. ಕರುಳು ಸರಿಯಾಗಿ ಹೀರಿಕೊಳ್ಳದೆ, ಬ್ಯಾಕ್ಟೀರಿಯಾ ಹುಳಿಸಿ ಗಾಳಿ ಮಾಡುವ ಕೆಲವು ಬಗೆಯ ಸಕ್ಕರೆಗಳಿವೆ. ಅವು ಇರುವ ಪದಾರ್ಥಗಳನ್ನು ಕೆಲವು ವಾರ ನಿಲ್ಲಿಸಬೇಕು. ಆಮೇಲೆ ಒಂದೊಂದಾಗಿ ವಾಪಸ್ ತರಬೇಕು. ಜೀವನಪೂರ್ತಿ ಬಿಡುವುದಲ್ಲ.

ಹಾಳೆಯಲ್ಲಿ ಗೆರೆ ಎಳೆದು ಬರೆಯುತ್ತ ಹೋದೆ. ಜಮಾ, ಖರ್ಚು ಬರೆದ ಹಾಗೆ. ಎರಡು ತಿಂಗಳಲ್ಲಿ ಗೊತ್ತಾಯಿತು, ನನ್ನ ಕಳ್ಳರು ಈರುಳ್ಳಿ ಮತ್ತು ಹಾಲು. ಗೋಧಿ ಅವರ ಜೊತೆಗಾರ. ಬ್ರೆಡ್, ರಸ್ಕು, ಹಾಲಿನ ಟೀ. ಹೊಟ್ಟೆಗೆ ಒಳ್ಳೆಯದು ಅಂತ ಇಷ್ಟು ವರ್ಷ ತಿಂದದ್ದರಲ್ಲೇ ಅರ್ಧ ಕಳ್ಳಮಾಲು! ಜೋಳದ ರೊಟ್ಟಿ ಏನೂ ಮಾಡಲಿಲ್ಲ. ರಾಗಿ ಮುದ್ದೆ ಏನೂ ಮಾಡಲಿಲ್ಲ. ಹೆಸರುಬೇಳೆ ಒಪ್ಪಿತು. ಹೆಸರುಕಾಳನ್ನು ರಾತ್ರಿ ನೆನೆಸಿ, ನೀರು ಚೆಲ್ಲಿ, ಚೆನ್ನಾಗಿ ಬೇಯಿಸಿದರೆ ಒಂದು ಹಿಡಿ ಒಪ್ಪಿತು. ಆ ಗಾಳಿ ಮಾಡುವ ಸಕ್ಕರೆ ನೆನೆಸಿದ ನೀರಿಗೆ ಇಳಿಯುತ್ತದೆ. ಅವರೆಕಾಳು ಒಪ್ಪಲಿಲ್ಲ, ಅಲಸಂದೆ ಒಪ್ಪಲಿಲ್ಲ. ಹೀರೇಕಾಯಿ, ಬೀನ್ಸ್, ಮೆಂತ್ಯ ಸೊಪ್ಪು ನಿಧಾನಕ್ಕೆ ಬಂದು ಸೇರಿಕೊಂಡವು.

ಹನ್ನೆರಡು ವರ್ಷದ ನಂತರ ಮೊದಲ ರೊಟ್ಟಿ ತಿಂದ ದಿನ ಚೆನ್ನಾಗಿ ನೆನಪಿದೆ. ಅವ್ವ ಒಲೆ ಮುಂದೆ ಕೂತು ತಟ್ಟುತ್ತಿದ್ದಳು. ಎಂಬತ್ತರ ಹತ್ತಿರದ ಕೈ, ಆದರೂ ತಟ್ಟುವ ಸದ್ದು ಒಂದೇ ಲಯ. ಹೆಂಚಿನ ಮೇಲೆ ರೊಟ್ಟಿ ಉಬ್ಬಿತು. ನೀರು ಸವರಿದ ಮೇಲ್ಮೈ ಬೆಳ್ಳಗೆ ಒಣಗಿ, ಅಂಚು ಕೆಂಪಾಯಿತು. ನಾನು ಮುರಿದು ಬಾಯಿಗಿಟ್ಟೆ. ಅವಳು ನನ್ನ ಬಾಯಿ ನೋಡಲಿಲ್ಲ, ಹೊಟ್ಟೆ ನೋಡುತ್ತಿದ್ದಳು. ‘ಬಿರುಸು ಆಗ್ತೈತೇನೋ’ ಅಂದಳು. ಒಂದು ಗಂಟೆ ಬಿಟ್ಟು ಮತ್ತೆ ಕೇಳಿದಳು. ರಾತ್ರಿ ಮಲಗುವ ಮುಂಚೆ ಇನ್ನೊಂದು ಸಲ. ಹೊಟ್ಟೆ ಸುಮ್ಮನಿತ್ತು.

ನಾರು ತಿನ್ನುವ ಬ್ಯಾಕ್ಟೀರಿಯಾ ಕರುಳಿನಲ್ಲಿ ಬ್ಯುಟಿರೇಟ್ ಅನ್ನುವ ವಸ್ತು ಮಾಡುತ್ತವೆ. ದೊಡ್ಡ ಕರುಳಿನ ಗೋಡೆಗೆ ಅದೇ ಮುಖ್ಯ ಆಹಾರ. ಮೊದಲು ಬೆಣ್ಣೆಯಲ್ಲಿ ಸಿಕ್ಕಿದ್ದರಿಂದ ಅದಕ್ಕೆ ಆ ಹೆಸರು ಬಂತು. ಅಂದರೆ ರೊಟ್ಟಿ, ಸೊಪ್ಪು ತಿಂದರೆ ಹೊಟ್ಟೆಯೊಳಗೇ ಒಂಥರಾ ಬೆಣ್ಣೆ ಅಂಗಡಿ. ದಾವಣಗೆರೆಯವನಿಗೆ ಇದಕ್ಕಿಂತ ಖುಷಿಯ ಸುದ್ದಿ ಇಲ್ಲ.

ಟೀ ಈಗ ಎರಡೇ, ಅದೂ ಹಾಲು, ಸಕ್ಕರೆ ಇಲ್ಲದ್ದು. ಕೆಲವೊಮ್ಮೆ ಬರೀ ಡಿಕಾಕ್ಷನ್ ಕಾಫಿ. ಕಾಫಿ ಕುಡಿಯುವವರ ಲಿವರಿನಲ್ಲಿ ಕಲೆ ಕಡಿಮೆ ಅಂತ ಹಲವು ಅಧ್ಯಯನಗಳು ಹೇಳಿವೆ, ಮಲೆನಾಡಿನ ತೋಟದ ಗೆಳೆಯನಿಗೆ ಹೇಳಿದರೆ ‘ನಾವು ಮೊದಲೇ ಹೇಳಿರಲಿಲ್ವಾ’ ಅಂದ. ಅನ್ನ ಒಂದು ಹೊತ್ತು. ನಡಿಗೆ ಮೊದಲು ಮನೆ ಸುತ್ತಲಿನ ನಾಲ್ಕು ಬೀದಿಯಲ್ಲೇ ಶುರು ಮಾಡಿದೆ. ಎಲ್ಲಿಂದ ತಿರುಗಿದರೂ ಐದು ನಿಮಿಷಕ್ಕೆ ಬಾಗಿಲು. ತಿಂಗಳು ಕಳೆದ ಮೇಲೆ ಧೈರ್ಯ ಬಂತು. ತೂಕ ಇಳಿಯದಿದ್ದರೂ ನಡಿಗೆಯಿಂದ ಲಿವರಿನ ಕೊಬ್ಬು ಕಡಿಮೆಯಾಗುತ್ತದೆ ಅಂತ ಡಾಕ್ಟರು ಹೇಳಿದ್ದರು. ಎಂಟು ತಿಂಗಳಲ್ಲಿ ನಾಲ್ಕೂವರೆ ಕೆಜಿ ಇಳಿದಿದ್ದೇನೆ. ಈಗ ಊಟ ಹಾಕಲ್ವಾ ಅಂತ ಕೇಳುವವರು ಇನ್ನೂ ಜಾಸ್ತಿಯಾಗಿದ್ದಾರೆ. ಟ್ರೈಗ್ಲಿಸರೈಡ್ 148. ಸಕ್ಕರೆ ಹೊಸ್ತಿಲಿನಿಂದ ಅಂಗಳಕ್ಕೆ ಇಳಿದಿದೆ, ಗೇಟು ದಾಟಿಲ್ಲ. ಹೊಟ್ಟೆ ಪೂರ್ತಿ ಸರಿಹೋಗಿದೆ ಅಂದರೆ ಸುಳ್ಳು. ಮಾರ್ಚಿನಲ್ಲಿ, ಅಂದರೆ ಆಫೀಸಿನ ಲೆಕ್ಕ ಮುಗಿಸುವ ತಿಂಗಳಲ್ಲಿ, ಅದು ಎಂದಿನಂತೆ ಕೈ ಕೊಟ್ಟಿತು. ಟೆನ್ಷನ್ ಅನ್ನುವುದೂ ಒಂದು ಕಾಳು ಇರಬೇಕು, ಎಷ್ಟು ನೆನೆಸಿದರೂ ಬೇಯುವುದಿಲ್ಲ.

ಬೆಣ್ಣೆ ದೋಸೆ ತಿಂಗಳಿಗೆ ಒಂದು. ಆಲೂಗಡ್ಡೆ ಪಲ್ಯದ ಈರುಳ್ಳಿ ಪಕ್ಕಕ್ಕೆ ಸರಿಸಿ.

ಮೊನ್ನೆ ಮತ್ತೆ ಸ್ಕ್ಯಾನಿಂಗಿಗೆ ಹೋಗಿದ್ದೆ. ಅದೇ ರೂಮು, ಅದೇ ಎಸಿ, ಅದೇ ಡಾಕ್ಟರಮ್ಮ. ಅವರು ಬಲಗಡೆ ಒತ್ತಿದ ಕೂಡಲೇ ನಾನೇ ಕುತ್ತಿಗೆ ಎತ್ತಿ ಪರದೆ ನೋಡಿದೆ. ‘ಇದು ಕಿಡ್ನಿ ಅಲ್ವಾ ಮೇಡಂ?’ ಅಂದೆ. ‘ಪರವಾಗಿಲ್ಲ, ಕಲ್ತಿದೀರಿ’ ಅಂದರು. ಎರಡೂ ಬಣ್ಣವನ್ನು ಕಣ್ಣಲ್ಲೇ ತೂಗಿ ನೋಡಿದೆ. ಲಿವರ್ ಇನ್ನೂ ಸ್ವಲ್ಪ ಬೆಳ್ಳಗೇ ಇತ್ತು. ಆದರೆ ಸುಣ್ಣ ಹೊಡೆದು ಎರಡು ಮಳೆಗಾಲ ಕಂಡ ಗೋಡೆ. ನೋಡುತ್ತ ನೋಡುತ್ತ ಮರೆತೇ ಹೋಗಿತ್ತು.

‘ಉಸಿರು ಬಿಡ್ರಿ’ ಎಂದರು.